ಅಭಿಮಾನವನ್ನು ಧರ್ಮಕ್ಕೆ ಹೋಲಿಸಬಹುದಾ? ನಿಮಗೇನು ಅನ್ನಿಸುತ್ತದೆ?

ಇರುಳುಪಾಳಿ
ಎರಡು ವಾರದಿಂದ ಒಂದು ವಿಷಯ ತಲೆಯಲ್ಲೇ ಸುತ್ತುತ್ತಿದೆ. ಇಲ್ಲಿ ಕೇಳಿಬಿಡೋಣ ಅನ್ನಿಸಿತು.

ನನ್ನ ಅಕ್ಕ ಒಂದು ಸಂಗೀತ ತಂಡದ ಅಭಿಮಾನಿ. ಇವತ್ತು ನೆನ್ನೆಯದಲ್ಲ, ಹನ್ನೊಂದು ವರ್ಷದ್ದು. ಆ ತಂಡದ ಗಾಯಕ ತೀರಿಕೊಂಡ ಸುದ್ದಿ ಬಂದಾಗ ಅವಳು ಮೂರು ದಿನ ಯಾರ ಜೊತೆಗೂ ಸರಿಯಾಗಿ ಮಾತಾಡಲಿಲ್ಲ. ಅವನ ಫೋಟೋ ಮುಂದೆ ಒಂದು ಮೇಣದಬತ್ತಿ ಹಚ್ಚಿಟ್ಟಳು. ಮನೆಗೆ ಬಂದಿದ್ದ ನೆಂಟರೊಬ್ಬರು ಅದನ್ನು ನೋಡಿ "ಏನಮ್ಮಾ, ಅವನನ್ನೇ ದೇವರು ಮಾಡಿಕೊಂಡುಬಿಟ್ಯಾ?" ಅಂದರು. ಅಕ್ಕ ಏನೂ ಹೇಳದೆ ಎದ್ದು ಒಳಗೆ ಹೋದಳು.

ಆ ಮಾತು ನನಗೂ ನೋವು ಮಾಡಿತು. ಆದರೆ ಆಮೇಲೆ ಕೂತು ಯೋಚಿಸಿದೆ. ಫೋಟೋ ಇದೆ, ದೀಪ ಇದೆ. ವರ್ಷಕ್ಕೊಮ್ಮೆ ನೆನೆಯುವ ದಿನ ಇದೆ. ಸಾವಿರಾರು ಜನ ಒಟ್ಟಿಗೆ ಹಾಡುವುದಿದೆ. ದೂರದ ಜಾಗಕ್ಕೆ ಹೋಗಿ ಬರುವುದಿದೆ. ಹೊರಗಿನಿಂದ ನೋಡುವವರಿಗೆ ವ್ಯತ್ಯಾಸ ಎಲ್ಲಿ ಕಾಣಬೇಕು? ನನ್ನ ಮಟ್ಟಿಗೆ ಹೋಲಿಸಬಹುದು, ಹೋಲಿಸಿದರೆ ಯಾರಿಗೂ ಅವಮಾನವಿಲ್ಲ. ನೀವೇನಂತೀರಿ?

ಒಂಟಿಸಾಲು
ಇಲ್ಲ. ಹಾಡು ಕೇಳುವುದು ಬೇರೆ, ಪ್ರಾರ್ಥನೆ ಬೇರೆ.

ಪದಮೂಲ
ಒಂಟಿಸಾಲು ಅವರೇ, ಅಷ್ಟು ಬೇಗ ಬಾಗಿಲು ಹಾಕಬೇಡಿ. ‘ಫ್ಯಾನ್’ ಅನ್ನುವ ಪದವೇ ದೇವಸ್ಥಾನದಿಂದ ಬಂದಿದೆ. ಲ್ಯಾಟಿನ್‌ನಲ್ಲಿ ‘ಫಾನುಮ್’ ಅಂದರೆ ಗುಡಿ. ದೇವರು ಮೈಮೇಲೆ ಬಂದವನಂತೆ ಆಡುವವನು ‘ಫನಾಟಿಕುಸ್’. ಅದು ಇಂಗ್ಲಿಷ್‌ನಲ್ಲಿ ‘ಫನಾಟಿಕ್’ ಆಯಿತು, ಮೊಟಕಾಗಿ ‘ಫ್ಯಾನ್’ ಆಯಿತು. ಇನ್ನೂ ಸ್ವಾರಸ್ಯ ಅಂದರೆ ಅಪವಿತ್ರ ಅನ್ನುವುದಕ್ಕೆ ಬಳಸುವ ‘ಪ್ರೊಫೇನ್’ ಅನ್ನುವ ಪದವೂ ಅದೇ ಬೇರಿನದು. ಗುಡಿಯ ಹೊರಗಿರುವುದು ಅಂತ ಅರ್ಥ. ಒಳಗಿನವನಿಗೂ ಹೊರಗಿನದಕ್ಕೂ ಒಂದೇ ಬೇರು!

ಒಂಟಿಸಾಲು
ಪದದ ಹುಟ್ಟು ಹಿಡಿದು ಏನೂ ಸಾಬೀತು ಮಾಡಲಾಗದು. ಅಮೆರಿಕದಲ್ಲಿ 19ನೇ ಶತಮಾನದ ಕೊನೆಗೆ ಬೇಸ್‌ಬಾಲ್ ನೋಡುವವರನ್ನು ಕರೆಯಲು ಈ ಪದ ಬಳಕೆಗೆ ಬಂತು. ಅಷ್ಟು ಹೊತ್ತಿಗೆ ಗುಡಿಯನ್ನು ಯಾರೂ ನೆನೆಯುತ್ತಿರಲಿಲ್ಲ.

ಹಳೆರೇಡಿಯೋ
ಅಮೆರಿಕದ ಗಾಯಕ ಎಲ್ವಿಸ್ ಪ್ರೀಸ್ಲಿ ಮನೆ ಗ್ರೇಸ್‌ಲ್ಯಾಂಡ್ ಬಗ್ಗೆ ಯಾರಾದರೂ ಹೇಳುತ್ತೀರಿ ಅಂದುಕೊಂಡಿದ್ದೆ. ಸರಿ, ನಾನೇ ಹೇಳುತ್ತೇನೆ. ಅವರು ತೀರಿಕೊಂಡಿದ್ದು 1977ರ ಆಗಸ್ಟ್ 16. ಮನೆಯನ್ನು ಜನರಿಗೆ ತೆರೆದಿದ್ದು 1982ರಲ್ಲಿ. ಈಗಲೂ ಪ್ರತಿ ವರ್ಷ ಆಗಸ್ಟ್ 15ರ ಸಂಜೆ ಅಭಿಮಾನಿಗಳು ಕೈಯಲ್ಲಿ ಮೇಣದಬತ್ತಿ ಹಿಡಿದು, ಗೇಟಿನಿಂದ ಸಮಾಧಿಯವರೆಗೆ ಸಾಲಾಗಿ ನಡೆಯುತ್ತಾರೆ. ಹೊರಗಿನ ಕಲ್ಲಿನ ಗೋಡೆ ತುಂಬಾ ಜನ ಬರೆದ ಸಾಲುಗಳು. ಅವರು ಬದುಕಿದ್ದಾಗ ಹುಟ್ಟಿಯೇ ಇರದವರೂ ಬಂದು ಅಳುತ್ತಾರೆ.

ಇದನ್ನು ಯಾತ್ರೆ ಅನ್ನದೆ ಇನ್ನೇನು ಅನ್ನಬೇಕು? ಇರುಳುಪಾಳಿ ಅವರೇ, ನಿಮ್ಮ ಅಕ್ಕ ಹಚ್ಚಿದ ಮೇಣದಬತ್ತಿ ಒಂಟಿಯಲ್ಲ ಅಂತ ಅವರಿಗೆ ಹೇಳಿ.

ನಾಲ್ಕನೇಬೆಂಚು
ಸಮಾಜಶಾಸ್ತ್ರ ಓದಿದವಳು ನಾನು, ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಎಮಿಲ್ ದುರ್ಖೈಮ್ ಅಂತ ಫ್ರಾನ್ಸಿನ ಸಮಾಜಶಾಸ್ತ್ರಜ್ಞರು. 1912ರಲ್ಲಿ ಧರ್ಮದ ಮೂಲ ರೂಪಗಳ ಬಗ್ಗೆ ಒಂದು ದೊಡ್ಡ ಪುಸ್ತಕ ಬರೆದರು. ಆಸ್ಟ್ರೇಲಿಯಾದ ಮೂಲನಿವಾಸಿಗಳ ಬಗ್ಗೆ ಬೇರೆಯವರು ಬರೆದಿಟ್ಟ ವರದಿಗಳನ್ನು ಓದಿ ಅವರು ಒಂದು ಮಾತು ಹೇಳಿದರು. ಧರ್ಮದ ಗುಟ್ಟು ದೇವರ ಕಲ್ಪನೆಯಲ್ಲಿಲ್ಲ, ಜನ ಸೇರುವುದರಲ್ಲಿದೆ ಅಂತ. ಜನ ಒಂದೆಡೆ ಸೇರಿ, ಒಂದೇ ತಾಳಕ್ಕೆ ಕುಣಿದು ಹಾಡಿದಾಗ ಒಂದು ಬಿಸಿ ಏಳುತ್ತದೆ. ಒಬ್ಬೊಬ್ಬರೇ ಇದ್ದಾಗ ಇಲ್ಲದ ಶಕ್ತಿ ಆಗ ಬರುತ್ತದೆ. ಆ ಶಕ್ತಿ ಎಲ್ಲಿಂದ ಬಂತು ಅಂತ ಜನಕ್ಕೆ ಗೊತ್ತಾಗುವುದಿಲ್ಲ. ಅದನ್ನು ಕಣ್ಣೆದುರಿನ ಲಾಂಛನಕ್ಕೆ ಕೊಟ್ಟುಬಿಡುತ್ತಾರೆ. ಆ ಲಾಂಛನ ಪವಿತ್ರವಾಗುತ್ತದೆ.

ಈಗ ದೊಡ್ಡ ಸಂಗೀತ ಕಾರ್ಯಕ್ರಮ ನೆನಪು ಮಾಡಿಕೊಳ್ಳಿ. ಕೊರಿಯಾದ ತಂಡಗಳ ಅಭಿಮಾನಿಗಳು ಕೈಯಲ್ಲಿ ದೀಪದ ಕೋಲು ಹಿಡಿದಿರುತ್ತಾರಲ್ಲ, ಎಲ್ಲ ಕೋಲುಗಳೂ ಒಟ್ಟಿಗೆ ಬಣ್ಣ ಬದಲಿಸುತ್ತವೆ. ಆ ಕ್ಷಣ ಮೈ ಜುಮ್ ಅನ್ನುತ್ತದೆ. ವೇದಿಕೆ ಮೇಲಿನವರು ಹಾಗೆ ಮಾಡಿದರು ಅಂತ ನಾವು ಅಂದುಕೊಳ್ಳುತ್ತೇವೆ. ಅರ್ಧ ಪಾಲು ಅದು ನಾವೇ, ಪಕ್ಕದಲ್ಲಿ ನಿಂತ ಸಾವಿರಾರು ಜನ. ದುರ್ಖೈಮ್ ಹೇಳಿದ್ದು ಇದನ್ನೇ.

ಬಿಳಿಹಾಳೆ
ಆದರೆ ಆ ಲೆಕ್ಕದಲ್ಲಿ ಯಾವ ಗುಂಪು ಸೇರಿದರೂ ಧರ್ಮವೇ ಆಗಿಬಿಡುತ್ತದೆ ಅಲ್ವಾ? ಮೆರವಣಿಗೆ, ಚುನಾವಣಾ ಸಭೆ, ಎಲ್ಲವೂ.

ನಾಲ್ಕನೇಬೆಂಚು
ಒಳ್ಳೆಯ ಪ್ರಶ್ನೆ. ಅದಕ್ಕೇ ಅವರು ಇನ್ನೊಂದು ಷರತ್ತು ಇಟ್ಟರು. ಪವಿತ್ರವಾದದ್ದರ ಬಗ್ಗೆ ನಂಬಿಕೆ ಮತ್ತು ಆಚರಣೆ ಇರಬೇಕು, ಜೊತೆಗೆ ಅದು ಆ ಜನರನ್ನು ಒಂದು ನೈತಿಕ ಸಮುದಾಯವಾಗಿ ಕಟ್ಟಬೇಕು. ಒಂದು ರಾತ್ರಿಯ ಗುಂಪು ಸಾಲದು. ಮಾರನೆಯ ದಿನವೂ ಆ ಜನ ಒಬ್ಬರಿಗೊಬ್ಬರು ಏನೋ ಆಗಿರಬೇಕು.

ಬೆಳಗಿನಜಾವ
"ಮಾರನೆಯ ದಿನವೂ ಏನೋ ಆಗಿರಬೇಕು" ಅಂದಿರಲ್ಲ, ಅದಕ್ಕೆ ನನ್ನ ಕಥೆ ಹೇಳಬೇಕು.

ನಾಲ್ಕು ವರ್ಷದ ಹಿಂದೆ ನನ್ನ ಅಮ್ಮ ಆಸ್ಪತ್ರೆಯಲ್ಲಿದ್ದರು. ಐಸಿಯು ಹೊರಗೆ ಹತ್ತೊಂಬತ್ತು ರಾತ್ರಿ ಕೂತಿದ್ದೆ. ಒಡಹುಟ್ಟಿದವರು ಯಾರೂ ಇಲ್ಲ. ಆಗ ನನ್ನ ಜೊತೆ ಇದ್ದವರು ಒಂದು ವಿಜ್ಞಾನ ಕಥಾ ಸರಣಿಯ ಅಭಿಮಾನಿಗಳ ಗುಂಪು. ಒಬ್ಬರ ಮುಖವನ್ನೂ ನಾನು ನೋಡಿರಲಿಲ್ಲ. ಪಾಳಿ ಹಾಕಿಕೊಂಡು ರಾತ್ರಿ ಎಚ್ಚರ ಇರುತ್ತಿದ್ದರು, ನಾನು ಒಬ್ಬಳೇ ಆಗಬಾರದು ಅಂತ. ಎರಡು ಗಂಟೆಗೆ ಒಬ್ಬರು, ನಾಲ್ಕು ಗಂಟೆಗೆ ಇನ್ನೊಬ್ಬರು. ಕಥೆಯ ಬಗ್ಗೆ ಮಾತಾಡುತ್ತಿದ್ದೆವು, ಅಷ್ಟೇ. ಅಮ್ಮ ಹೋದ ಬೆಳಿಗ್ಗೆ ಮೊದಲು ಮೆಸೇಜ್ ಮಾಡಿದ್ದು ಅವರಿಗೆ.

ಇದು ಧರ್ಮವೋ ಅಲ್ಲವೋ ನನಗೆ ಬೇಡ. ನಂಬಿಕೆ ಇರುವವರಿಗೆ ಅವರ ಪ್ರಾರ್ಥನಾ ಗುಂಪು ಏನು ಕೊಡುತ್ತದೋ ಅದು ನನಗೆ ಅಲ್ಲಿ ಸಿಕ್ಕಿತು.

ಇರುಳುಪಾಳಿ
ಬೆಳಗಿನಜಾವ ಅವರೇ, ಎರಡು ಸಲ ಓದಿದೆ. ಬರೆದಿದ್ದಕ್ಕೆ ಥ್ಯಾಂಕ್ಸ್.

ಒಂಟಿಸಾಲು
ಬೆಳಗಿನಜಾವ, ನಿಮ್ಮ ಅಮ್ಮನ ವಿಷಯ ಕೇಳಿ ಬೇಜಾರಾಯಿತು. ಆದರೆ ನೀವು ಹೇಳಿದ್ದು ಸ್ನೇಹ. ಸ್ನೇಹ ಎಲ್ಲಿ ಬೇಕಾದರೂ ಹುಟ್ಟುತ್ತದೆ. ಧರ್ಮ ಕೇಳುವ ಪ್ರಶ್ನೆಗಳೇ ಬೇರೆ. ಸತ್ತ ಮೇಲೆ ಏನು? ಕಷ್ಟ ಯಾಕೆ ಬರುತ್ತದೆ? ತಪ್ಪು ಮಾಡಿದವನು ಏನು ಮಾಡಬೇಕು? ಯಾವ ಸಿನಿಮಾ ಸರಣಿ ಇದಕ್ಕೆ ಉತ್ತರ ಕೊಟ್ಟಿದೆ?

ಗೋಲ್‌ಪೋಸ್ಟ್
ಉತ್ತರ ಕೊಡದಿದ್ದರೂ ಜನ ಧರ್ಮ ಅಂತ ಬರೆಸಿದ್ದಾರಲ್ಲ! 2001ರಲ್ಲಿ ಬ್ರಿಟನ್ ಜನಗಣತಿಯಲ್ಲಿ 4 ಲಕ್ಷ ಜನ ತಮ್ಮ ಧರ್ಮ ‘ಜೆಡೈ’ ಅಂದಿದ್ದರು. ಸ್ಟಾರ್ ವಾರ್ಸ್ ಸಿನಿಮಾದಲ್ಲಿ ಬರುವ ಯೋಧರ ಪಂಥದ ಹೆಸರು ಅದು.

ಅಂಚೆಪೆಟ್ಟಿಗೆ
ಸಣ್ಣ ತಿದ್ದುಪಡಿ. ಇಂಗ್ಲೆಂಡ್ ಮತ್ತು ವೇಲ್ಸ್ ಎರಡೇ ಸೇರಿ 3,90,127. ಗಣತಿಯವರು ಅವರನ್ನು ‘ಧರ್ಮವಿಲ್ಲ’ ಅನ್ನುವ ಲೆಕ್ಕಕ್ಕೆ ಸೇರಿಸಿದರು. ಹಾಗೆ ಬರೆಸಿ ಅಂತ ಆಗ ಒಂದು ಇಮೇಲ್ ಎಲ್ಲ ಕಡೆ ಹರಿದಾಡಿತ್ತು. ತುಂಬಾ ಜನ ತಮಾಷೆಗೆ ಬರೆಸಿದ್ದು. ಇನ್ನು ಕೆಲವರು, ಧರ್ಮ ಕೇಳುವುದೇ ತಪ್ಪು ಅಂತ ಪ್ರತಿಭಟನೆಗೆ ಬರೆಸಿದ್ದು. 2011ರ ಗಣತಿಗೆ ಆ ಸಂಖ್ಯೆ 1,76,632ಕ್ಕೆ ಇಳಿಯಿತು.

ಬಿಳಿಹಾಳೆ
ಎಲ್ಲರೂ ತಮಾಷೆಗೆ ಅಲ್ಲ. ನಿಜವಾಗಿ ಧ್ಯಾನ ಮಾಡುವ, ಆ ಕಥೆಯ ನೀತಿಯಂತೆ ನಡೆಯುವ ಗುಂಪುಗಳೂ ಇವೆ. ಅಂಥ ಒಂದು ಗುಂಪು ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದತ್ತಿ ಸಂಸ್ಥೆಗಳನ್ನು ನೋಡಿಕೊಳ್ಳುವ ಚಾರಿಟಿ ಕಮಿಷನ್‌ಗೆ ನೋಂದಣಿಗೆ ಅರ್ಜಿ ಹಾಕಿತ್ತು. 2016ರ ಡಿಸೆಂಬರ್‌ನಲ್ಲಿ ಕಮಿಷನ್ ಅದನ್ನು ತಿರಸ್ಕರಿಸಿತು, ಕಾನೂನಿನ ಅರ್ಥದಲ್ಲಿ ಇದು ಧರ್ಮವಲ್ಲ ಅಂತ. ಅಂದರೆ ನಾವು ಇಲ್ಲಿ ಕೂತು ಜಗಳವಾಡುತ್ತಿರುವ ಪ್ರಶ್ನೆಗೆ ಒಂದು ಕಚೇರಿ ಕಡತ ತೆರೆದು ಉತ್ತರ ಬರೆಯಬೇಕಾಯಿತು. ಅಷ್ಟು ಸುಲಭದ ಪ್ರಶ್ನೆ ಅಲ್ಲ ಇದು.

ಗೋಲ್‌ಪೋಸ್ಟ್
ಸರಿ, ತಿದ್ದಿಕೊಂಡೆ. ಆದರೆ ಅರ್ಜೆಂಟೀನಾದ ರೊಸಾರಿಯೊದಲ್ಲಿ 1998ರಲ್ಲಿ ಫುಟ್‌ಬಾಲ್ ಆಟಗಾರ ಮರಡೋನಾ ಹೆಸರಲ್ಲಿ ಶುರುವಾದ ಚರ್ಚ್? ಅವರ ಹುಟ್ಟುಹಬ್ಬವೇ ಅಲ್ಲಿ ಕ್ರಿಸ್‌ಮಸ್. 1986ರ ವಿಶ್ವಕಪ್‌ನಲ್ಲಿ ಇಂಗ್ಲೆಂಡ್ ವಿರುದ್ಧ ಎರಡು ಗೋಲು ಹೊಡೆದ ಜೂನ್ 22 ಅವರ ಈಸ್ಟರ್. ವರ್ಷದ ಲೆಕ್ಕವೂ ಅವರು ಹುಟ್ಟಿದ 1960ರಿಂದ. ಹತ್ತು ಕಟ್ಟಳೆಗಳೂ ಇವೆ.

ಹಳೆರೇಡಿಯೋ
ಫುಟ್‌ಬಾಲ್ ಕ್ರೀಡೆ. ಇಲ್ಲಿ ಕೇಳಿದ್ದು ಸಿನಿಮಾ, ಸಂಗೀತ, ಕಥೆಗಳ ಬಗ್ಗೆ.

ಗೋಲ್‌ಪೋಸ್ಟ್
ಏನು ವ್ಯತ್ಯಾಸ? ಅಂಗಿ ಅದೇ, ಹಾಡು ಅದೇ, ಕಣ್ಣೀರೂ ಅದೇ. ಜೊತೆಗೆ ಇದು ಅಪ್ಪನಿಂದ ಮಗನಿಗೆ, ಮಗಳಿಗೆ ಬರುತ್ತದೆ. ಧರ್ಮಕ್ಕೆ ಹತ್ತಿರ ಅಂದರೆ ಫುಟ್‌ಬಾಲೇ.

ಕಡಲಹಕ್ಕಿ
ಯಾರೂ ಈ ಕಥೆಗಳ ಮಾಲೀಕರ ಬಗ್ಗೆ ಮಾತಾಡುತ್ತಿಲ್ಲ. ನನಗೆ ದೊಡ್ಡ ವ್ಯತ್ಯಾಸ ಕಾಣುವುದು ಅಲ್ಲಿ.

ಅಭಿಮಾನಿಗಳು ‘ಕ್ಯಾನನ್’ ಅನ್ನುತ್ತಾರಲ್ಲ, ಯಾವ ಕಥೆ ಅಧಿಕೃತ, ಯಾವುದು ಅಲ್ಲ ಅನ್ನುವುದಕ್ಕೆ. ಬೈಬಲ್ಲಿನಲ್ಲಿ ಯಾವ ಪುಸ್ತಕ ಸೇರಬೇಕು ಅನ್ನುವುದಕ್ಕೆ ಬಳಸುತ್ತಿದ್ದ ಪದ ಅದು. 1911ರಲ್ಲಿ, ಮುಂದೆ ಪಾದ್ರಿಯಾದ ರೊನಾಲ್ಡ್ ನಾಕ್ಸ್ ಅನ್ನುವವರು ಷರ್ಲಾಕ್ ಹೋಮ್ಸ್ ಕಥೆಗಳನ್ನು ಬೈಬಲ್ ಪಂಡಿತರ ಧಾಟಿಯಲ್ಲಿ ಪರೀಕ್ಷೆ ಮಾಡಿ ಒಂದು ಪ್ರಬಂಧ ಬರೆದರು. ಅಲ್ಲಿಂದ ಬೆಳೆದ ಆಟ ಇದು. ಹೋಮ್ಸ್ ಅಭಿಮಾನಿಗಳಿಗೆ 4 ಕಾದಂಬರಿ, 56 ಕಥೆ ಸೇರಿ 60. ಅದೇ ಕ್ಯಾನನ್.

ಈಗ ಸ್ಟಾರ್ ವಾರ್ಸ್ ನೋಡಿ. ದಶಕಗಳ ಕಾಲ ಬಂದ ನೂರಾರು ಕಾದಂಬರಿ, ಕಾಮಿಕ್ಸ್‌ಗಳನ್ನು ಜನ ಓದಿ, ನಂಬಿ, ನೆನಪಿಟ್ಟಿದ್ದರು. 2014ರ ಏಪ್ರಿಲ್‌ನಲ್ಲಿ ಕಂಪನಿ ಒಂದು ಪ್ರಕಟಣೆ ಕೊಟ್ಟಿತು. ಅವೆಲ್ಲ ಇನ್ನು ಮುಂದೆ ‘ಲೆಜೆಂಡ್ಸ್’, ಮೂಲ ಕಥೆಯ ಭಾಗ ಅಲ್ಲ ಅಂತ. ಒಂದೇ ದಿನದಲ್ಲಿ! ನಾನು ಹದಿನಾರು ವರ್ಷದವನಿದ್ದಾಗಿನಿಂದ ಓದಿದ್ದ ಪಾತ್ರಗಳು ಇರಲೇ ಇಲ್ಲ ಅಂದಹಾಗಾಯಿತು. ಧರ್ಮಗ್ರಂಥಕ್ಕೆ ಕಾಪಿರೈಟ್ ಹಿಡಿದ ಒಡೆಯ ಇಲ್ಲ. ಇಲ್ಲಿ ನಮ್ಮ ಪುರಾಣವೇ ಇನ್ನೊಬ್ಬರ ಆಸ್ತಿ.

ಬಿಳಿಹಾಳೆ
ಆದರೆ ನೀವು ಆ ಪಾತ್ರಗಳನ್ನು ಬಿಟ್ಟಿರಾ?

ಕಡಲಹಕ್ಕಿ
ಇಲ್ಲ. ಪುಸ್ತಕಗಳು ಇನ್ನೂ ಕಪಾಟಿನಲ್ಲಿವೆ. ಪ್ರತಿ ವರ್ಷ ಒಂದನ್ನಾದರೂ ಮತ್ತೆ ಓದುತ್ತೇನೆ.

ಬಿಳಿಹಾಳೆ
ನೋಡಿ, ಮಾಲೀಕರು ಹೇಳಿದ್ದನ್ನು ನೀವು ಒಪ್ಪಲಿಲ್ಲ. ಧರ್ಮಗಳಲ್ಲೂ ಹೀಗೇ ಅಲ್ವಾ? ಮೇಲಿನವರು ಒಂದು ಹೇಳುತ್ತಾರೆ, ಜನ ತಮಗೆ ಬೇಕಾದ್ದನ್ನು ಇಟ್ಟುಕೊಳ್ಳುತ್ತಾರೆ. ಹೋಮ್ಸ್ ವಿಷಯದಲ್ಲೂ ಅದೇ. 1893ರಲ್ಲಿ ಬರೆದವರೇ ಪಾತ್ರವನ್ನು ಕೊಂದರು. ಓದುಗರು ಬಿಡಲಿಲ್ಲ. 1903ರಲ್ಲಿ ಅವನನ್ನು ವಾಪಸ್ ತರಬೇಕಾಯಿತು.

ಮಳೆಬಿಲ್ಲು7
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಹೋಮ್ಸ್ ಓದಬೇಕು ಅಂತ ತುಂಬಾ ದಿನದಿಂದ ಇದೆ. 60ರಲ್ಲಿ ಎಲ್ಲಿಂದ ಶುರು ಮಾಡಲಿ?

ಕಡಲಹಕ್ಕಿ
1892ರಲ್ಲಿ ಬಂದ ಮೊದಲ ಕಥಾ ಸಂಕಲನದಿಂದ. ಹನ್ನೆರಡು ಕಥೆ. ಕಾದಂಬರಿಗಳನ್ನು ಆಮೇಲೆ ನೋಡಿ.

ಅಂಚೆಪೆಟ್ಟಿಗೆ
ನಾನು ಒಪ್ಪುವುದಿಲ್ಲ. 1887ರ ಮೊದಲ ಕಾದಂಬರಿಯಿಂದಲೇ ಓದಬೇಕು. ಇಬ್ಬರು ಗೆಳೆಯರ ಮೊದಲ ಭೇಟಿ ತಪ್ಪಿಸಿಕೊಂಡರೆ ಹೇಗೆ?

ಪದಮೂಲ
ಮತ್ತೆ ಪದದ ವಿಷಯ, ಸಹಿಸಿಕೊಳ್ಳಿ. ನಾವು ಇಂಗ್ಲಿಷ್ ಪದದ ಬೇರು ಹುಡುಕಿದೆವು, ನಮ್ಮದನ್ನು ನೋಡಲೇ ಇಲ್ಲ. ಕನ್ನಡದಲ್ಲಿ ಫ್ಯಾನ್ ಅಂದರೆ ‘ಅಭಿಮಾನಿ’. ಅಭಿಮಾನದಲ್ಲಿ ‘ಇದು ನನ್ನದು’ ಅನ್ನುವ ಭಾವ ಇದೆ. ಸ್ವಾಭಿಮಾನ, ದುರಭಿಮಾನ, ಭಾಷಾಭಿಮಾನ, ಎಲ್ಲದರಲ್ಲೂ ‘ನಾನು’ ಇದ್ದೇನೆ. ‘ಭಕ್ತ’ನಲ್ಲಿ ಹಾಗಿಲ್ಲ. ಭಕ್ತ ತನ್ನನ್ನು ಒಪ್ಪಿಸಿಕೊಳ್ಳುತ್ತಾನೆ, ‘ನಾನು ನಿನ್ನವನು’ ಅನ್ನುತ್ತಾನೆ. ಅಭಿಮಾನಿ ‘ನೀನು ನನ್ನವನು’ ಅನ್ನುತ್ತಾನೆ.

ಅದಕ್ಕೇ ಅಭಿಮಾನಿಗೆ ಅಷ್ಟು ಬೇಗ ಸಿಟ್ಟು ಬರುವುದು ಅನ್ನಿಸುತ್ತದೆ. ತನ್ನದನ್ನು ಯಾರೋ ಕೆಡಿಸಿದರು ಅಂತ. ಇನ್ನೊಂದು ಮಾತು: ಶಾಸ್ತ್ರಗಳಲ್ಲಿ ‘ಅಭಿಮಾನಿ ದೇವತೆ’ ಅಂತ ಇದೆ. ಒಂದೊಂದು ವಸ್ತುವನ್ನು ತನ್ನದು ಅಂತ ನೋಡಿಕೊಳ್ಳುವ ದೇವತೆ. ಅಲ್ಲಿ ಅಭಿಮಾನಿ ದೇವರೇ.

ನಾಲ್ಕನೇಬೆಂಚು
ಪದಮೂಲ ಅವರೇ, ಈ ಚರ್ಚೆಯಲ್ಲಿ ನನಗೆ ಹೊಸದಾಗಿ ಸಿಕ್ಕಿದ್ದು ಇದೇ. ದುರ್ಖೈಮ್ ಓದಿದರೆ ಈ ವ್ಯತ್ಯಾಸ ಸಿಗುವುದಿಲ್ಲ.

ತಂತಿವಾದ್ಯ
ಸಿಟ್ಟಿನ ಮಾತು ಬಂತು, ಅದನ್ನೂ ಹೇಳಿಬಿಡುತ್ತೇನೆ. ಇಲ್ಲಿ ಎಲ್ಲರೂ ಒಳ್ಳೆಯದನ್ನೇ ಹೇಳುತ್ತಿದ್ದೀರಿ.

ನಾನು ಆರು ವರ್ಷ ಒಬ್ಬ ಗಾಯಕಿಯ ಅಭಿಮಾನಿ ಬಳಗದಲ್ಲಿದ್ದೆ. ಹಾಡಿನ ಸಾಲುಗಳ ಅನುವಾದ ಮಾಡಿಕೊಡುತ್ತಿದ್ದೆ, ಹೊಸಬರಿಗೆ ಸಹಾಯ ಮಾಡುತ್ತಿದ್ದೆ. ಒಂದು ಆಲ್ಬಮ್ ಬಂದಾಗ ‘ಈ ಸಲ ಸಾಹಿತ್ಯ ಸಪ್ಪೆ ಅನ್ನಿಸಿತು’ ಅಂತ ಬರೆದೆ. ಅಷ್ಟೇ. ಆ ರಾತ್ರಿ ಇನ್ನೂರಕ್ಕೂ ಜಾಸ್ತಿ ಬೈಗುಳದ ಮೆಸೇಜ್ ಬಂದವು. ನಾನು ಯಾವತ್ತೂ ನಿಜವಾದ ಅಭಿಮಾನಿ ಆಗಿರಲಿಲ್ಲ ಅಂದರು. ನನ್ನ ಹಳೆಯ ಅನುವಾದಗಳನ್ನೂ ಅಳಿಸಿದರು. ದಿನಾ ಮಾತಾಡುತ್ತಿದ್ದ ಗೆಳತಿ ಬ್ಲಾಕ್ ಮಾಡಿದಳು. ಬಹಿಷ್ಕಾರ ಅನ್ನುವುದಕ್ಕೆ ಬೇರೆ ಹೆಸರು ಬೇಕಾ?

ಧರ್ಮಕ್ಕೆ ಹೋಲಿಸುವವರು ದೀಪ ಮತ್ತು ಹಾಡನ್ನು ಮಾತ್ರ ಹೋಲಿಸಬೇಡಿ. ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ.

ಬೆಳಗಿನಜಾವ
ತಂತಿವಾದ್ಯ, ಇದು ತುಂಬಾ ಅನ್ಯಾಯ. ಆ ಅನುವಾದಗಳು ನಿಮ್ಮ ಬಳಿ ಉಳಿದಿವೆಯಾ?

ತಂತಿವಾದ್ಯ
ಅರ್ಧ ಇವೆ. ಆ ಹಾಡುಗಳನ್ನು ಈಗಲೂ ಕೇಳುತ್ತೇನೆ, ಒಬ್ಬಳೇ.

ಹಳೆರೇಡಿಯೋ
ಅಭಿಮಾನ, ಧರ್ಮ ಎರಡೂ ಎದುರುಬದುರಾದ ಒಂದು ಸಂದರ್ಭ ಇತಿಹಾಸದಲ್ಲಿದೆ. 1966ರ ಮಾರ್ಚ್‌ನಲ್ಲಿ ಬೀಟಲ್ಸ್ ಸಂಗೀತ ತಂಡದ ಜಾನ್ ಲೆನನ್ ಲಂಡನ್ ಪತ್ರಿಕೆಯೊಂದರ ಸಂದರ್ಶನದಲ್ಲಿ, ಬೀಟಲ್ಸ್ ಈಗ ಏಸುವಿಗಿಂತ ಜನಪ್ರಿಯ ಅನ್ನುವ ಅರ್ಥದ ಮಾತು ಹೇಳಿದರು. ಬ್ರಿಟನ್‌ನಲ್ಲಿ ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ. ಕೆಲವು ತಿಂಗಳ ಮೇಲೆ ಅಮೆರಿಕದ ಪತ್ರಿಕೆಯೊಂದು ಅದನ್ನು ಮತ್ತೆ ಅಚ್ಚು ಹಾಕಿತು. ದಕ್ಷಿಣದ ರಾಜ್ಯಗಳಲ್ಲಿ ರೆಕಾರ್ಡ್‌ಗಳನ್ನು ಬೆಂಕಿಗೆ ಹಾಕಿದರು. ಆಗಸ್ಟ್‌ನಲ್ಲಿ ಷಿಕಾಗೊದಲ್ಲಿ ಅವರು ಕ್ಷಮೆ ಕೇಳಬೇಕಾಯಿತು. ಹೋಲಿಕೆ ಮಾಡುವುದಕ್ಕೂ ಸ್ಪರ್ಧೆಗೆ ಇಳಿದಂತೆ ಕಾಣುವುದಕ್ಕೂ ಎಷ್ಟು ವ್ಯತ್ಯಾಸ ಇದೆ ನೋಡಿ.

ಒಂಟಿಸಾಲು
ಸುಟ್ಟವರಲ್ಲಿ ನಿನ್ನೆಯವರೆಗೆ ಅದೇ ಹಾಡು ಕೇಳುತ್ತಿದ್ದ ಹುಡುಗ ಹುಡುಗಿಯರೂ ಇದ್ದರು. ಎರಡರಲ್ಲಿ ಒಂದನ್ನು ಬಿಡಬೇಕಾಗಿ ಬಂದಾಗ ಅವರು ಯಾವುದನ್ನು ಬಿಟ್ಟರು? ನನ್ನ ವಾದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಹಳೆರೇಡಿಯೋ
ಸುಡದವರೂ ಇದ್ದರಲ್ಲ! ಅವರ ಸಂಖ್ಯೆಯೇ ಜಾಸ್ತಿ.

ಮಳೆಬಿಲ್ಲು7
ವೇಲ್ಸ್‌ನ ಫ್ರೆಶ್‌ವಾಟರ್ ವೆಸ್ಟ್ ಅನ್ನುವ ಕಡಲತೀರದಲ್ಲಿ ಡಾಬಿಯ ಸಮಾಧಿ ಇದೆ, ಗೊತ್ತಾ? ಹ್ಯಾರಿ ಪಾಟರ್ ಕಥೆಯ ಡಾಬಿ, ಜೀತಕ್ಕಿದ್ದ ಪುಟ್ಟ ಜೀವಿ. ಸಿನಿಮಾದಲ್ಲಿ ಅವನನ್ನು ಹೂಳುವ ದೃಶ್ಯ ತೆಗೆದದ್ದು ಅಲ್ಲಿ. ಅಲ್ಲಿ ಯಾರನ್ನೂ ಹೂತಿಲ್ಲ. ಆದರೂ ಜನ ಬಣ್ಣ ಬಳಿದ ಕಲ್ಲು ಇಡುತ್ತಾರೆ, ಕಾಲುಚೀಲ ಇಡುತ್ತಾರೆ. ಕಥೆಯಲ್ಲಿ ಕಾಲುಚೀಲ ಸಿಕ್ಕಿದ್ದರಿಂದಲೇ ಅವನಿಗೆ ಬಿಡುಗಡೆ ಆಗಿದ್ದು. 2022ರಲ್ಲಿ ಆ ಜಾಗ ನೋಡಿಕೊಳ್ಳುವ ನ್ಯಾಷನಲ್ ಟ್ರಸ್ಟ್, ಸಮಾಧಿ ಇರಲಿ, ಆದರೆ ಕಾಲುಚೀಲ ಬಿಟ್ಟು ಹೋಗಬೇಡಿ, ಪ್ರಾಣಿಗಳಿಗೆ ತೊಂದರೆ ಅಂತ ಕೇಳಿಕೊಂಡಿತು.

ಅವನು ಕಥೆಯವನು ಅಂತ ಎಲ್ಲರಿಗೂ ಗೊತ್ತು. ಗೊತ್ತಿದ್ದೂ ಇಡುತ್ತಾರೆ. ಇದು ನನಗೆ ತುಂಬಾ ಕಾಡಿದ ವಿಷಯ.

ನಾಲ್ಕನೇಬೆಂಚು
ಅದೇ ಕಥೆಯನ್ನು ಧರ್ಮಗ್ರಂಥದಂತೆ ಓದಿದವರೂ ಇದ್ದಾರೆ. ಹಾರ್ವರ್ಡ್‌ನಲ್ಲಿ ಧರ್ಮಶಾಸ್ತ್ರ ಓದಿದವರು 2016ರಲ್ಲಿ ಒಂದು ಪಾಡ್‌ಕಾಸ್ಟ್ ಶುರು ಮಾಡಿದರು. ಒಂದೊಂದು ಅಧ್ಯಾಯ ತೆಗೆದುಕೊಂಡು, ಕ್ರೈಸ್ತ ಸನ್ಯಾಸಿಗಳು ಬೈಬಲ್ ಓದುತ್ತಿದ್ದ ಕ್ರಮದಲ್ಲಿ ನಿಧಾನವಾಗಿ ಓದುತ್ತಾರೆ. ಪುಸ್ತಕ ದೈವದತ್ತ ಅಂತ ಅವರು ಹೇಳುವುದಿಲ್ಲ. ಶ್ರದ್ಧೆಯಿಂದ, ಜೊತೆಯಲ್ಲಿ, ಮತ್ತೆ ಮತ್ತೆ ಓದಿದರೆ ಯಾವ ಪುಸ್ತಕವೂ ನಮಗೆ ಏನೋ ಕಲಿಸುತ್ತದೆ ಅನ್ನುವುದು ಅವರ ಮಾತು.

ಒಂಟಿಸಾಲು
ಆಗಿನಿಂದ ಚಿಕ್ಕದಾಗಿ ಬರೆಯುತ್ತಿದ್ದೆ, ಈಗ ಬಿಡಿಸಿ ಹೇಳುತ್ತೇನೆ. ನಾನು ದೇವರನ್ನು ನಂಬುವವನು. ಹೋಲಿಸಿದರೆ ನನಗೆ ಅವಮಾನ ಆಗುವುದಿಲ್ಲ. ತಕರಾರು ಬೇರೆ.

ಮನಸ್ಸಿಲ್ಲದ ದಿನವೂ ನಾನು ಪ್ರಾರ್ಥನೆಗೆ ಕೂರುತ್ತೇನೆ. ದೇವರ ಮೇಲೆ ಕೋಪ ಇದ್ದ ದಿನವೂ ಕೂತಿದ್ದೇನೆ. ನನ್ನ ಮಗು ಉಳಿಯದ ವರ್ಷ ಪೂರ್ತಿ ಹಾಗೆ ಕೂತೆ, ಒಂದು ಮಾತೂ ಬರದೆ. ಅಲ್ಲಿ ನನ್ನ ಪಕ್ಕ ಕೂರುವವರಲ್ಲಿ ನನಗೆ ಇಷ್ಟವಿಲ್ಲದವರೂ ಇದ್ದಾರೆ. ಅವರನ್ನು ನಾನು ಆರಿಸಿಕೊಂಡಿಲ್ಲ. ಅಭಿಮಾನದಲ್ಲಿ ಇಷ್ಟ ಹೋದ ದಿನ ಜನ ಎದ್ದು ಹೋಗುತ್ತಾರೆ. ಹೋಗಬೇಕಾದ್ದೇ, ತಪ್ಪಿಲ್ಲ. ಆದರೆ ಇಷ್ಟ ಹೋದ ಮೇಲೂ ಕೂರುವುದನ್ನು ನಾನು ಧರ್ಮ ಅನ್ನುತ್ತೇನೆ.

ಬೆಳಗಿನಜಾವ
ಒಂಟಿಸಾಲು ಅವರೇ, ನಿಮ್ಮ ಮಗುವಿನ ವಿಷಯ ಗೊತ್ತಿರಲಿಲ್ಲ. ನೀವು ಮೊದಲು ನನ್ನದನ್ನು ಬರೀ ಸ್ನೇಹ ಅಂದಾಗ ನನಗೆ ಸಿಟ್ಟು ಬಂದಿತ್ತು. ಈಗ ನೀವು ಏನು ಹೇಳುತ್ತಿದ್ದೀರಿ ಅಂತ ಅರ್ಥವಾಯಿತು. ಒಂದು ಮಾತು ಮಾತ್ರ: ನನ್ನ ಗುಂಪಿನ ಅರ್ಧ ಜನಕ್ಕೆ ಆ ಸರಣಿ ಈಗ ಇಷ್ಟವಿಲ್ಲ. ಆದರೂ ಗುಂಪು ಬಿಟ್ಟಿಲ್ಲ.

ಗೋಲ್‌ಪೋಸ್ಟ್
ಹದಿನೈದು ವರ್ಷದಿಂದ ಸೋಲುತ್ತಲೇ ಇರುವ ತಂಡಕ್ಕೆ ನಾನು ಇಂದಿಗೂ ಕೂರುತ್ತೇನೆ. ಇಷ್ಟ ಯಾವಾಗಲೋ ಹೋಗಿದೆ. ಇದಕ್ಕೇನಂತೀರಿ?

ಒಂಟಿಸಾಲು
ಅದಕ್ಕೆ ನನ್ನ ಬಳಿ ಉತ್ತರ ಇಲ್ಲ, ಒಪ್ಪುತ್ತೇನೆ.

ಇರುಳುಪಾಳಿ
ನೆನ್ನೆ ರಾತ್ರಿ ಅಕ್ಕನಿಗೆ ಇದನ್ನೆಲ್ಲ ಓದಿಸಿದೆ. ಪೂರ್ತಿ ಓದಿದಳು. ಆ ನೆಂಟರು ಹೇಳಿದ ಮಾತಿಗೆ ಅವಳ ಉತ್ತರ ಇದು, ಅವಳ ಮಾತಲ್ಲೇ ಹಾಕುತ್ತೇನೆ:

"ದೇವರು ಅಂದುಕೊಂಡಿದ್ದರೆ ನಾನ್ಯಾಕೆ ಅಳುತ್ತಿದ್ದೆ? ದೇವರು ಸಾಯುವುದಿಲ್ಲವಲ್ಲ. ಅವನಿಗೂ ನನ್ನ ಹಾಗೆ ನಿದ್ದೆ ಬರುತ್ತಿರಲಿಲ್ಲ, ಅದರ ಬಗ್ಗೆ ಹಾಡು ಬರೆದಿದ್ದ. ಪರೀಕ್ಷೆಯಲ್ಲಿ ಫೇಲಾದ ವರ್ಷ ಆ ಹಾಡು ಇಲ್ಲದಿದ್ದರೆ ನಾನು ಏನಾಗುತ್ತಿದ್ದೆನೋ. ಒಬ್ಬ ಮನುಷ್ಯ ಹೋದ ಅಂತ ದೀಪ ಇಟ್ಟೆ."

ಹೋಲಿಸಬಹುದು ಅಂತ ಶುರು ಮಾಡಿದವನು ನಾನು. ಅಕ್ಕ ನನ್ನ ಕಡೆ ಇಲ್ಲ. ಪದಮೂಲ ಅವರು ಬರೆದದ್ದನ್ನು ಮಾತ್ರ ಎರಡು ಸಲ ಓದಿದಳು.

ತಂತಿವಾದ್ಯ
ಅಕ್ಕನಿಗೆ ನನ್ನ ಪ್ರೀತಿ ಹೇಳಿ. ಆ ತಂಡದ ಹಾಡುಗಳ ಅನುವಾದ ಯಾರಾದರೂ ಮಾಡಿದ್ದಾರಾ ಕೇಳಿ. ಇಲ್ಲದಿದ್ದರೆ ನಾನು ಮಾಡುತ್ತೇನೆ.

ಒಂಟಿಸಾಲು
ನಿದ್ದೆ ಬಾರದ ಬಗ್ಗೆ ಬರೆದ ಹಾಡು ಯಾವುದು? ಹೆಸರು ಕಳಿಸಿ.